ಹುಣ್ಣಿಮೆಯ ನಲ್ಲಿ ರಿಪೇರಿ

ಈ ಹುಣ್ಣಿಮೆಗೆ ನನ್ನ ದುರ್ಬೀನಿನ ಕನ್ನಡಿ ತೊಳೆದೇ ತೀರುತ್ತೇನೆ, ಮೂರು ಲೋಕ ಅಡ್ಡ ಬಂದರೂ ನಿಲ್ಲುವುದಿಲ್ಲ ಎಂದು ಶಪಥ ಮಾಡಿದೆ. ಮೂರು ಲೋಕ ಬರಲಿಲ್ಲ. ಹೆಂಡತಿ ಬಂದಳು.

“ಮೊದಲು ಬಚ್ಚಲ ನಲ್ಲಿ ರಿಪೇರಿ ಮಾಡಿ. ಆಮೇಲೆ ಕನ್ನಡಿಯಾದ್ರೂ ತೊಳ್ಕೊಳ್ಳಿ, ಮುಖನಾದ್ರೂ ತೊಳ್ಕೊಳ್ಳಿ.”

ನಾನು ಕಸುಬಿನಲ್ಲಿ ನಲ್ಲಿ ರಿಪೇರಿಯವನು. ನನ್ನ ಕೂಗು ಕೇಳಿದರೆ ಸಾಕು, ಪರರ ಮನೆಯ ಪೈಪುಗಳು ತಾವಾಗಿಯೇ ಸೋರುವುದನ್ನು ನಿಲ್ಲಿಸುತ್ತವೆ. ನನ್ನ ಮನೆಯ ನಲ್ಲಿ ಮಾತ್ರ ಮಗಳು ಸ್ಕೂಲಿಗೆ ಹೋಗುತ್ತಿದ್ದಾಗ ತೊಟ್ಟಿಕ್ಕಲು ಶುರುಮಾಡಿದ್ದು ಅವಳು ಕಾಲೇಜಿಗೆ ಹೋದರೂ ನಿಲ್ಲಿಸಿರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಸಿಟ್ಟಿಗೆ ಹೆದರದ ವಸ್ತು ಅದೊಂದೇ.

ಇನ್ನು ಚಂದ್ರನ ವಿಷಯ. ನಕ್ಷತ್ರ ನೋಡುವ ಹುಚ್ಚು ಹತ್ತಿದವರಿಗೆ ಚಂದ್ರನಂಥ ಶತ್ರು ಇನ್ನೊಬ್ಬನಿಲ್ಲ. ಅವನು ತುಂಬಿಕೊಂಡು ಬಂದನೆಂದರೆ ಆಕಾಶ ಸುಣ್ಣ ಬಳಿದ ಗೋಡೆ. ನಾವು ಹುಡುಕುವ ಮಸುಕು ಗ್ಯಾಲಕ್ಸಿಗಳೆಲ್ಲ ಮಾಯ. ಆ ವಾರ ನಮ್ಮ ನಕ್ಷತ್ರವೀಕ್ಷಕರ ಸಂಘದವರದು ನಾಯಿಪಾಡು. ದರ್ಜಿ ತನ್ನ ದುರ್ಬೀನಿಗೆ ಹೊಸ ಗವಸು ಹೊಲಿಯುತ್ತಾನೆ, ಹಳೆಯದು ಹರಿಯದಿದ್ದರೂ. ಕ್ಷೌರಿಕ ಕೂಡಿಟ್ಟ ನಿದ್ದೆಯನ್ನೆಲ್ಲ ಮಾಡಿ ಮುಗಿಸುತ್ತಾನೆ, ಗಿರಾಕಿಯ ಕುತ್ತಿಗೆಗೆ ಕತ್ತಿ ಹಿಡಿದುಕೊಂಡೇ. ಬ್ಯಾಂಕಿನ ಗುಮಾಸ್ತ ತನಗೆ ಮಕ್ಕಳಿರುವುದನ್ನು ಜ್ಞಾಪಿಸಿಕೊಂಡು, ಅವರು ಎಷ್ಟನೇ ಕ್ಲಾಸೆಂದು ಅವರನ್ನೇ ವಿಚಾರಿಸುತ್ತಾನೆ. ನಾನು ಮನೆಯಲ್ಲಿ ಕೂತು ಚಂದ್ರನಿಗೆ ಬೈಯುತ್ತೇನೆ. ಗಂಡ ಕೈಗೆ ಸಿಗುವುದು ಆಗ ಮಾತ್ರವಾದ್ದರಿಂದ ಹೆಂಡತಿ ಮನೆಗೆಲಸವನ್ನೆಲ್ಲ ಹುಣ್ಣಿಮೆಗೆಂದೇ ಎತ್ತಿಟ್ಟಿರುತ್ತಾಳೆ.

“ಈ ಸಲಾನೂ ನಲ್ಲಿ ಸರಿಯಾಗ್ಲಿಲ್ಲ ಅಂದ್ರೆ ದುರ್ಬೀನು ನನ್ನ ತಮ್ಮನ ಅಂಗಡಿಗೆ,” ಎಂದಳು.

ಅವಳ ತಮ್ಮನದು ಗುಜರಿ ಅಂಗಡಿ. ಅವನು ಆಗಲೇ ಬಂದು ಹಜಾರದಲ್ಲಿ ಕೂತಿದ್ದ. “ಕೊಳವೆ ಬರೀ ಚರಂಡಿ ಪೈಪು, ಬಿಡಿ. ಸ್ಟ್ಯಾಂಡು ಮಾತ್ರ ಒಳ್ಳೆ ಕಬ್ಬಿಣ, ಭಾವ,” ಎಂದ.

ನಾನು ಬ್ರಹ್ಮಾಸ್ತ್ರ ಬಿಟ್ಟೆ. “ಅದೇನು ನನ್ನೊಬ್ಬನದಾ? ಇಡೀ ಮನೆ ಅದರಲ್ಲಿ ಆಕಾಶ ನೋಡಿದೆ. ಪಕ್ಕದ ಗ್ಯಾಲಕ್ಸಿ ನೀನೇ ನೋಡಿಲ್ವಾ? ಹೇಳು, ಕಾಣ್ಲಿಲ್ವಾ?”

“ಕಾಣ್ತು ಬಿಡಿ,” ಎಂದು ಅವಳು ಗೋಡೆ ನೋಡಿದಳು.

ಅಲ್ಲಿಗೆ ಮಾತು ಮುಗಿಯಿತು. ಯಾವಾಗಲೂ ಅಲ್ಲಿಗೇ ಮುಗಿಯುತ್ತಿತ್ತು.

ಬಚ್ಚಲಲ್ಲಿ ಟಬ್ಬು ಇಟ್ಟು, ತಳಕ್ಕೆ ದಪ್ಪ ಟವಲು ಹಾಸಿ, ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಸೋಪು ಬೆರೆಸಿ, ಕನ್ನಡಿಯನ್ನು ಮೆಲ್ಲಗೆ ಮಲಗಿಸಿದೆ. ಊಟದ ತಟ್ಟೆಯಗಲದ ಆ ಗಾಜನ್ನು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಮಾಡಿದ್ದು ಇವೇ ಕೈಗಳು. ಹೆತ್ತ ಮಗಳನ್ನೂ ನಾನು ಅಷ್ಟು ಹುಷಾರಾಗಿ ಎತ್ತಿಕೊಂಡಿಲ್ಲವೆಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಬೆರಳು ತಾಗಿದರೂ ಅದರ ಹೊಳಪು ಹೋಗುತ್ತದೆ. ಸುಮ್ಮನೆ ನೆನೆಯಬೇಕು.

“ಅಪ್ಪಾ, ನಾನು ಸ್ನಾನ ಮಾಡ್ಬೇಕು,” ಬಾಗಿಲಲ್ಲಿ ಮಗಳು.

“ನಾಳೆ ಮಾಡು.”

“ನಿನ್ನೆನೂ ಇದನ್ನೇ ಹೇಳಿದ್ರಿ.”

ಅಷ್ಟರಲ್ಲಿ ನಲ್ಲಿಯಿಂದ ಒಂದು ಹನಿ, ಟೊಪ್ ಎಂದು ಕನ್ನಡಿಯ ನಡುನೆತ್ತಿಗೇ ಬಿತ್ತು. ಹಿಂದೆಯೇ ಇನ್ನೊಂದು. ನನ್ನ ರಕ್ತ ಕುದಿಯಿತು. ನಲ್ಲಿಗೆ ಕೈ ಹಾಕುವ ಮೊದಲು ವಾಲ್ವ್ ಮುಚ್ಚಬೇಕು. ಇದು ನಮ್ಮ ಕಸುಬಿನ ಅ ಆ ಇ ಈ. ಸಿಟ್ಟು ಬಂದವನಿಗೆ ಅಕ್ಷರ ಎಲ್ಲಿ ನೆನಪಿರುತ್ತದೆ? ಸ್ಪ್ಯಾನರ್ ಹಾಕಿ ತಿರುಚಿದೆ. ನಲ್ಲಿ ಬುಡಸಮೇತ ಕೈಗೆ ಬಂತು.

ಹಿಂದೆಯೇ ಗಂಗಾವತರಣ. ಕನ್ನಡಿಗೆ ಪೆಟ್ಟಾಗದಿರಲಿ ಎಂದು ನಾನು ಕಾವಿಗೆ ಕೂತ ಕೋಳಿಯಂತೆ ಟಬ್ಬಿನ ಮೇಲೆ ಕವುಚಿ, ಸೋಪಿನ ನೀರು ಕಣ್ಣಿಗೆ ತುಂಬಿಕೊಂಡು, “ವಾಲ್ವ್ ಮುಚ್ರೋ!” ಎಂದು ಅರಚಿದೆ.

“ಎಲ್ಲಿದೆ ಭಾವ ಅದು?”

ಮೆಟ್ಟಿಲಡಿಯ ಗೂಡಿನಲ್ಲಿತ್ತು. ಅದರ ಮುಂದೆ ದುರ್ಬೀನಿನ ಸಾಮಾನಿನ ಪೆಟ್ಟಿಗೆಗಳನ್ನು ಸೂರು ಮುಟ್ಟುವಂತೆ ಪೇರಿಸಿದ್ದವನೂ ನಾನೇ. ಭಾವಮೈದ ಒಂದೊಂದೇ ಪೆಟ್ಟಿಗೆ ಎಳೆದು ವಾಲ್ವ್ ಹುಡುಕುವಷ್ಟರಲ್ಲಿ ನೀರು ಮಲಗುವ ಕೋಣೆಗೆ ನುಗ್ಗಿತ್ತು. ನೆಲದ ಮೇಲಿದ್ದ ಹಾಸಿಗೆಗಳು ಹೊಟ್ಟೆ ತುಂಬ ಕುಡಿದು ಕೂತಿದ್ದವು.

ನಾಲ್ವರೂ ಹೆಣ ಹೊತ್ತಂತೆ ಅವನ್ನು ತಾರಸಿಗೆ ಹೊತ್ತೆವು. ಸೂರ್ಯ ಮುಳುಗಿದ್ದ. ಎದುರು ದಿಕ್ಕಿನಲ್ಲಿ ಅವನು, ನನ್ನ ಶತ್ರು, ಹಲ್ಲು ಕಿರಿದುಕೊಂಡು ಏರುತ್ತಿದ್ದ. ಹೆಂಡತಿ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

“ತಮ್ಮಾ, ಆ ಸ್ಟ್ಯಾಂಡು ಇಳಿಸ್ಕೊಂಡು ಹೋಗು,” ಎಂದಳು.

“ಕನ್ನಡಿ ಉಳ್ಕೊಂಡಿದೆಯಾ ನೋಡೋಕೆ ಬಿಡು. ಆಮೇಲೆ ನಿನ್ನಿಷ್ಟ.”

ಅವರು ಹೊದಿಕೆ ಹಿಂಡುವಷ್ಟರಲ್ಲಿ ಕನ್ನಡಿ ಒಣಗಿತು. ಅದನ್ನು ಮೇಲೆ ತಂದು, ತಾರಸಿಯಲ್ಲೇ ನಿಂತಿದ್ದ ದುರ್ಬೀನಿನ ಕೊಳವೆಗೆ ಕೂರಿಸಿದೆ. ಪರೀಕ್ಷೆ ಮಾಡಲು ಆಕಾಶದಲ್ಲಿ ಚಂದ್ರನ ಹೊರತು ಗತಿಯಿಲ್ಲ. ಶತ್ರುವಿನ ಮುಂದೆ ಮಂಡಿಯೂರಿ ಗುರಿ ಹಿಡಿದೆ. ಕಣ್ಣು ಸೋಪಿಗೆ ಉರಿಯುತ್ತಿತ್ತು.

“ನನಗೇನೂ ಕಾಣ್ತಿಲ್ಲ. ನೀನೇ ನೋಡು,” ಎಂದೆ ಹೆಂಡತಿಗೆ.

ಅವಳು ಬಗ್ಗಿದಳು. “ಗಾಜು ಸೀಳಿದೆ ಕಣ್ರೀ. ಒಂದು ಮೂಲೆಯಿಂದ ಸುತ್ತಲೂ ಬಿಳೀ ಬಿರುಕು.”

ಕಣ್ಣೊರೆಸಿಕೊಂಡು ನೋಡಿದೆ. ನಿಜ, ಬಿರುಕು. ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿದೆ. ಚಂದ್ರ ಸರಿದ. ಬಿರುಕೂ ಅವನ ಜೊತೆಗೇ ಸರಿಯಿತು. ಅದು ಅವನ ಮೈಮೇಲಿನ ಗೆರೆ! ಇಷ್ಟು ವರ್ಷ ಬೈದಿದ್ದೆನೇ ಹೊರತು ಅವನ ಮುಖವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ.

“ಬಿರುಕು ಚಂದ್ರನದು ಕಣೇ. ಕನ್ನಡಿಗೇನೂ ಆಗಿಲ್ಲ.”

ಅವಳು ಮತ್ತೆ ಬಗ್ಗಿದಳು. ತಲೆಯೆತ್ತದೆ ಕೇಳಿದಳು: “ಹಾಗಾದ್ರೆ ಇದರಲ್ಲಿ ಕಾಣೋದು ಹೀಗಾ?”

“ಹೀಗಾ ಅಂದ್ರೆ?”

“ಇದರಲ್ಲಿ ಏನಾದ್ರೂ ಕಾಣುತ್ತೆ ಅಂತಾನೇ ನನಗೆ ಗೊತ್ತಿರಲಿಲ್ಲ.”

“ಮತ್ತೆ ಗ್ಯಾಲಕ್ಸಿ? ಕಾಣ್ತು ಅಂದೆಯಲ್ಲ?”

“ಮೊದಲ್ನೇ ಸಲ ಕಾಣಲ್ಲ ಅಂದೆ. ನೀವು ಕೂಗಿದ ಕೂಗಿಗೆ ಎದುರುಮನೆಯವರು ಎದ್ದು ಲೈಟು ಹಾಕಿದ್ರು. ಆವತ್ತಿಂದ ಎಲ್ಲಾ ಕಾಣ್ತು.”

ಮಗಳ ಕಡೆ ತಿರುಗಿದೆ. ಅವಳು ದಿಂಬು ಹಿಂಡುತ್ತಿದ್ದಳು. “ನಾನು ಅಮ್ಮನ್ನ ನೋಡಿ ಕಲ್ತೆ,” ಎಂದಳು.

“ನಾನು ಕಣ್ಣು ಮುಚ್ಕೊಂಡೇ ನೋಡ್ತಿದ್ದೆ ಭಾವ,” ಎಂದ ಗುಜರಿಯವನು. “ಹೆಂಗಿದ್ರೂ ಅದೇ ಕತ್ಲೆ.”

ಕೂಗಲು ಬಾಯಿ ತೆರೆದೆ. ಎದುರುಮನೆಯ ಕಿಟಕಿ ಕಂಡು ಮುಚ್ಚಿಕೊಂಡೆ. ಮನೆಮಂದಿಯನ್ನೆಲ್ಲ ಆಕಾಶದ ತುಂಬ ಸುತ್ತಾಡಿಸಿ ತಂದೆನೆಂದು ಮೀಸೆ ತಿರುವಿಕೊಂಡಿದ್ದವನು ನಾನು. ಅಷ್ಟು ದೂರವೂ ಒಬ್ಬನೇ ಹೋಗಿ ಬಂದಿದ್ದೆ.

ಹೆಂಡತಿ ತಮ್ಮನಿಗೆ, “ಸ್ಟ್ಯಾಂಡು ಇರ್ಲಿ ಬಿಡೋ. ಹುಣ್ಣಿಮೆಗೆ ನಮಗೆ ಬೇಕು,” ಎಂದಳು. ಒಬ್ಬರಾದ ಮೇಲೊಬ್ಬರು ನೋಡಿದರು, ಮತ್ತೆ ಮತ್ತೆ ನೋಡಿದರು. ಚಂದ್ರ ಮೇಲೇರಿದಂತೆ ಅವರು ಹತ್ತಿ ನೋಡಲೆಂದು ನಾನು ಒದ್ದೆ ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಿಡಿದು ನಿಂತಿದ್ದೆ.

ಚಂದ್ರ ಕರಗಿ ಕತ್ತಲ ವಾರ ಬಂತು. ತೊಳೆದ ಕನ್ನಡಿಯಲ್ಲಿ ಪಕ್ಕದ ಗ್ಯಾಲಕ್ಸಿ ಎಂದೂ ಕಾಣದಷ್ಟು ಚೆನ್ನಾಗಿ ಸಿಕ್ಕಿತು. ಮೆಟ್ಟಿಲ ತುದಿಗೆ ಬಂದು, ನನ್ನ ಗಂಟಲಿಗೆ ಸಾಧ್ಯವಾದಷ್ಟು ಮೆತ್ತಗೆ ಕರೆದೆ:

“ಬಾರೇ, ಒಂದ್ಸಲ ನೋಡು. ಕಾಣದಿದ್ರೆ ಕಾಣಲ್ಲ ಅನ್ನು. ನಾನು ಕೂಗಲ್ಲ.”

ಕೆಳಗೆ ಸದ್ದಿಲ್ಲ. ನಲ್ಲಿಯದೂ ಇಲ್ಲ, ಅದನ್ನು ನಾನೇ ಸರಿಮಾಡಿದ್ದೆ. ಆಮೇಲೆ ಅಡುಗೆಮನೆಯಿಂದ, ಒಂದು ಮೆಟ್ಟಿಲೂ ಹತ್ತದೆ, ಉತ್ತರ ಬಂತು:

“ಕಾಣ್ತು ಕಣ್ರೀ. ಚೆನ್ನಾಗಿದೆ.”