ಟಪಾಲಿನ ಹೃದಯ ವೈಶಾಲ್ಯ: ತಿದ್ದುಪಡಿ

ಸುತ್ತೋಲೆ ಸಂಖ್ಯೆ: ನಾಯಿ/ಹೃದಯ/2 (ಸಂಖ್ಯೆ 1 ನಾಚಿಕೆಯಿಂದ ರದ್ದು)

ವಿಷಯ: ಕಚೇರಿಯ ನಾಯಿ 'ಟಪಾಲು' ಇದರ ಹೃದಯದ ಕಾಯಿಲೆಯನ್ನು ಗುರುತಿಸಿ ನಿಭಾಯಿಸುವ ಬಗ್ಗೆ.

ಉಲ್ಲೇಖ: (ಅ) ಪಶುವೈದ್ಯರ ಚೀಟಿ. (ಆ) ಅದನ್ನು ತಪ್ಪಾಗಿ ಓದಿ ನೀಡಿದ ಪ್ರಶಂಸಾಪತ್ರ.

ಪಶುವೈದ್ಯರು ಚೀಟಿಯಲ್ಲಿ 'ಹೃದಯ ದೊಡ್ಡದಾಗಿದೆ' ಎಂದು ಬರೆದಿದ್ದನ್ನು ನಡತೆಯ ಪ್ರಮಾಣಪತ್ರವೆಂದು ಭಾವಿಸಿ, ನಾಯಿಯನ್ನು ಸಿಬ್ಬಂದಿ ಸಭೆಯಲ್ಲಿ ಸನ್ಮಾನಿಸಿ, ಎಲ್ಲರೂ ಅದರಂತಾಗಬೇಕೆಂದು ಆದೇಶಿಸಲಾಗಿತ್ತು. ಮರುದಿನ ವೈದ್ಯರು ಖುದ್ದಾಗಿ ಬಂದು, "ದೊಡ್ಡದಾಗಿರೋದು ಗುಣ ಅಲ್ಲ ಸಾರ್, ಕಾಯಿಲೆ" ಎಂದಿರುತ್ತಾರೆ. ಆದ್ದರಿಂದ ಸದರಿ ಆದೇಶವನ್ನು 'ಯಾರೂ ಅದರಂತಾಗಕೂಡದು' ಎಂದು ತಿದ್ದಿ ಓದಿಕೊಳ್ಳಲು ಈ ಮೂಲಕ ಸೂಚಿಸಲಾಗಿದೆ.

1. ಟಪಾಲು ಕೆಮ್ಮಿದರೆ ಕೂಡಲೇ ವರದಿ ಮಾಡತಕ್ಕದ್ದು. ಕೆಮ್ಮಿದ್ದು ನಾಯಿಯೋ ಹಿರಿಯ ಗುಮಾಸ್ತರೋ ಎಂಬ ಸಂಶಯ ಬಂದಲ್ಲಿ ಇಬ್ಬರಿಗೂ ಇನ್ನೊಂದು ಅವಕಾಶ ನೀಡತಕ್ಕದ್ದು.

2. ಅದು ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸತಕ್ಕದ್ದು. ಎದೆ ಏರಿ ಇಳಿದರೆ ಒಂದು. ಏರಿದ್ದನ್ನು ಒಂದು ವಿಭಾಗ, ಇಳಿದದ್ದನ್ನು ಮತ್ತೊಂದು ವಿಭಾಗ ಎಣಿಸಿ, ಕೂಡಿಸಿ, ಐವತ್ತಾರು ಎಂದು ಗಾಬರಿ ಹುಟ್ಟಿಸಿದ ಘಟನೆ ಮರುಕಳಿಸಕೂಡದು. ಮೂವತ್ತು ದಾಟಿದರೆ ಟಿಪ್ಪಣಿ ಬರೆಯದೆ ನೇರವಾಗಿ ವೈದ್ಯರಿಗೆ ಫೋನ್ ಮಾಡತಕ್ಕದ್ದು. ಈ ಇಲಾಖೆಯಲ್ಲಿ ಕಡತವಿಲ್ಲದೆ ನಡೆಯಬಹುದಾದ ಕೆಲಸ ಇದೊಂದೇ.

3. ಅಂಚೆ ಚೀಲ ಹೊರುವ ದಫೇದಾರರು ಬೆಳಿಗ್ಗೆ, ಸಂಜೆ ನಾಯಿಗೆ ಮಾತ್ರೆ ನುಂಗಿಸತಕ್ಕದ್ದು. ನುಂಗಿದ್ದಕ್ಕೆ ನಾಯಿಯಿಂದಲೇ ಸ್ವೀಕೃತಿ ಪಡೆಯಬೇಕೆಂಬ ಷರತ್ತನ್ನು, ಹಾಜರಿ ಪುಸ್ತಕದ ತುಂಬ ಪಂಜದ ಗುರುತಾದ ಕಾರಣ, ಹಿಂಪಡೆಯಲಾಗಿದೆ.

4. ಉಪ್ಪು ತಿಂಡಿ ಕೊಡಕೂಡದು. ಮೇಜಿನ ಕೆಳಗೆ ಪೊಟ್ಟಣ ಬಿಚ್ಚುವವರು ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಕೂಡದು. ನೋಡಿದವರು ಸೋಲುತ್ತಾರೆ. ಇದು ಅನುಭವದ ಮಾತು.

5. ಮೆಟ್ಟಿಲು ಹತ್ತುವುದನ್ನು ನಿಷೇಧಿಸಲಾಗಿದೆ. ಆದರೂ ಟಪಾಲು ದಿನವೂ ದಫೇದಾರರ ಹಿಂದೆ ಮೂರನೇ ಮಹಡಿಯ ಮುಖ್ಯಾಧಿಕಾರಿಯ ಕೊಠಡಿಗೆ ಬರುತ್ತಿದ್ದು, ಗುರುವಾರ ಎರಡನೇ ಮಹಡಿಯಲ್ಲಿ ಕುಸಿದು ಬಿದ್ದಿರುತ್ತದೆ. ಫಲಕ ತೂಗುಹಾಕಲಾಯಿತು; ಓದಲಿಲ್ಲ. ಕುರ್ಚಿ ಅಡ್ಡ ಇಡಲಾಯಿತು, ಕೆಳಗಿನಿಂದ ನುಸುಳಿತು. ಕಾರಣ ಕೇಳಲಾಗಿ ದಫೇದಾರರ ಹೇಳಿಕೆ: "ಅದು ಕಚೇರಿಗೆ ಬರ್ತಾ ಇಲ್ಲ ಸಾಹೇಬ್ರೆ. ನಿಮ್ಮನ್ನ ನೋಡೋಕೆ ಬರ್ತಾ ಇದೆ."

6. ಮೇಲ್ಕಂಡ ಹೇಳಿಕೆಯನ್ನು ಮೂರು ಸಲ ಪರಿಶೀಲಿಸಲಾಗಿ, ಈ ಸಹಿದಾರರ ಮೇಜು ಕುರ್ಚಿಗಳನ್ನು ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ ಪೊರಕೆ ಇಡುವ ಜಾಗಕ್ಕೆ ವರ್ಗಾಯಿಸಲಾಗಿದೆ. ಪೊರಕೆಗಳು ಮುಖ್ಯಾಧಿಕಾರಿಯ ಕೊಠಡಿಯಲ್ಲಿ ಅಧಿಕಾರ ವಹಿಸಿಕೊಂಡಿರುತ್ತವೆ. ಭೇಟಿಗೆ ಬರುವವರು ತಲೆ ಬಗ್ಗಿಸತಕ್ಕದ್ದು. ಗೌರವಕ್ಕಲ್ಲ, ಮೆಟ್ಟಿಲು ಬಡಿಯುತ್ತದೆ.

ಸಹಿ/-
ಮುಖ್ಯಾಧಿಕಾರಿ
(ಮೆಟ್ಟಿಲ ಕೆಳಗೆ)

ಪ್ರತಿಗಳು:
ಪಶುವೈದ್ಯರಿಗೆ: ಇನ್ನು ಮುಂದೆ ಹೊಗಳಿಕೆಯಂತೆ ಕಾಣುವ ಕಾಯಿಲೆ ಬರೆಯದಿರಲು ಕೋರಿ.
ಮುಖ್ಯಾಧಿಕಾರಿಯ ಹೆಂಡತಿಗೆ: 'ನನಗೋಸ್ಕರ ಯಾವತ್ತಾದ್ರೂ ಒಂದು ಮೆಟ್ಟಿಲು ಇಳಿದಿದ್ದೀರಾ' ಎಂಬ ತಮ್ಮ ಪ್ರಶ್ನೆ ಪರಿಶೀಲನೆಯಲ್ಲಿದೆ.
ಹಿರಿಯ ಗುಮಾಸ್ತರಿಗೆ: ತಾವೂ ಒಮ್ಮೆ ತೋರಿಸಿಕೊಳ್ಳಿ.
ಟಪಾಲಿಗೆ: ಮೇಜಿನ ಕೆಳಗೆ ಓದಿ ಹೇಳಲಾಯಿತು. ಎರಡನೇ ಸೂಚನೆಗೇ ನಿದ್ದೆ ಹೋಯಿತು. ಉಸಿರು ಇಪ್ಪತ್ತೆರಡು.