ಬಡವನಾಗಲು ಹೊರಟ ಸ್ಪ್ರಿಂಗಣ್ಣ

ನೆರವಿನ ಅರ್ಜಿಯನ್ನು ತಾನೇ ತುಂಬುತ್ತೇನೆಂದು ಸ್ಪ್ರಿಂಗಣ್ಣ ಘೋಷಿಸಿದಾಗ ಅವನ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಸೂಜಿ ಮಾತ್ರ ಒಂದು ಕ್ಷಣ ನಿಂತು ಮತ್ತೆ ಓಡಿತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಆ ಒಂದು ಕ್ಷಣದ ಅರ್ಥ ತಿಳಿಯಬೇಕಿತ್ತು. ಆದರೆ ಘೋಷಣೆ ಹೊರಡಿಸುವ ಹೊತ್ತಿನಲ್ಲಿ ಗಂಡಸಿನ ಬಾಯಿ ಮಾತ್ರ ಚುರುಕಾಗಿರುತ್ತದೆ.

ಕೂತು ಕೂತು ಕುಸಿದ ಸೋಫಾಗಳನ್ನು ಮೇಲೆತ್ತುವುದು ಅವನ ಕಸುಬು. ಬೀದಿಯವರು ಅದಕ್ಕೇ ಆ ಹೆಸರಿಟ್ಟಿದ್ದರು. ಚೌಕಟ್ಟು, ಸ್ಪ್ರಿಂಗು, ಸ್ಪಂಜು ಅವನ ಪಾಲು. ಹೊದಿಕೆ ಕತ್ತರಿಸಿ ಹೊಲಿಯುವುದೆಲ್ಲ ಹೆಂಡತಿಯ ಪಾಲು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ವರ್ಷದಲ್ಲಿ ಎಂಟು ತಿಂಗಳು ಕೈತುಂಬ ಕೆಲಸ. ಉಳಿದ ನಾಲ್ಕು ತಿಂಗಳು ಜನ ಕುಸಿದ ಸೋಫಾದ ಮೇಲೇ ಹೇಗೋ ಹೊಂದಿಕೊಂಡು ಕೂರುತ್ತಾರೆ. ಮಗಳ ಕಾಲೇಜಿನ ಫೀಸು ಮಾತ್ರ ಹಾಗೆ ಹೊಂದಿಕೊಂಡು ಕೂರುವ ಜಾತಿಯದಲ್ಲ.

ಸ್ವಂತ ಕಸುಬು ಮಾಡಿಕೊಂಡು ಕಡಿಮೆ ಗಳಿಸುವವರಿಗೆ ತೆರಿಗೆಯಲ್ಲಿ ರಿಯಾಯಿತಿ, ಜೊತೆಗೆ ತಿಂಗಳಿಗಿಷ್ಟು ಎಂದು ನೆರವು ಕೊಡುವ ಯೋಜನೆ ಆಗಷ್ಟೇ ಬಂದಿತ್ತು. ಅರ್ಜಿ ನಾಲ್ಕು ಪುಟ. ತಾನು ಬರೆದುಕೊಡುತ್ತೇನೆ ಎಂದು ಹೆಂಡತಿ ಒಮ್ಮೆ, ಒಂದೇ ಒಮ್ಮೆ, ಹೇಳಿದಳು. ಮುನ್ನೂರು ಸ್ಪ್ರಿಂಗನ್ನು ಕಣ್ಣುಮುಚ್ಚಿ ಕಟ್ಟುವವನಿಗೆ ಮೂವತ್ತು ಚೌಕ ತುಂಬಲು ಬರುವುದಿಲ್ಲವೇ ಎಂದು ಸ್ಪ್ರಿಂಗಣ್ಣ ಎದೆಯುಬ್ಬಿಸಿದ. ಕನ್ನಡಕವನ್ನು ಯಂತ್ರದ ಮೇಲೆ ಬಿಟ್ಟು ಬಂದಿದ್ದ. ತರಲು ಎದ್ದುಹೋದರೆ ಮರ್ಯಾದೆ ಕಡಿಮೆಯಾದೀತೆಂದು ಹಾಗೆಯೇ ತುಂಬಿದ, ಸಹಿ ಹಾಕಿದ, ಕಚೇರಿಗೆ ಹೋಗಿ ಕೊಟ್ಟೂ ಬಂದ.

ಮೂರು ವಾರಕ್ಕೆ ಒಂದು ಪತ್ರ ಬಂತು. ಬುಧವಾರ ಹನ್ನೊಂದು ಗಂಟೆಗೆ ಅಧಿಕಾರಿಯೊಬ್ಬರು ಮನೆಗೆ ಬರುತ್ತಾರೆ ಎಂಬ ಮೊದಲ ಸಾಲು ಓದಿದ್ದೇ ಸ್ಪ್ರಿಂಗಣ್ಣ ಪತ್ರ ಮಡಚಿ ಕಿಸೆಗಿಟ್ಟು ಕೋಣೆಯನ್ನೊಮ್ಮೆ ನೋಡಿದ. ದಂತವೈದ್ಯರ ಕೆಂಪು ಸೋಫಾ, ಮೂರು ಜನ ಕಾಲು ಚಾಚಿ ಕೂರುವಂಥದ್ದು. ಫೋಟೋ ಸ್ಟುಡಿಯೋದವರ ಎರಡು ಕುರ್ಚಿಗಳು, ಚಿನ್ನದ ಬಣ್ಣದ ಅಂಚಿನವು. ಎಲ್ಲವೂ ಗಿರಾಕಿಗಳ ಸ್ವತ್ತು, ಎಲ್ಲವೂ ಹೊಸ ಹೊದಿಕೆ ತೊಟ್ಟು ಮದುಮಕ್ಕಳಂತೆ ಹೊಳೆಯುತ್ತಿದ್ದವು. ಇದನ್ನು ನೋಡಿದ ಅಧಿಕಾರಿ ಇವನಿಗೆ ನೆರವು ಕೊಡುವುದಿರಲಿ, ಇವನ ಹತ್ತಿರವೇ ಸಾಲ ಕೇಳಿಯಾರು.

ಹೆಂಡತಿ ಪತ್ರದಲ್ಲಿ ಇನ್ನೇನಿದೆ ಎಂದು ಕೇಳಿದಳು. ಇನ್ನೇನಿರುತ್ತದೆ, ಸಹಿ, ಮೊಹರು ಎಂದ. ಬಂದವರಿಗೆ ಇವು ಗಿರಾಕಿಗಳದು ಎಂದು ಹೇಳಿದರಾಯಿತಲ್ಲ ಎಂದಳು. ಸರ್ಕಾರಿ ಕಣ್ಣಿಗೆ ಕಂಡದ್ದೇ ಸತ್ಯ ಎಂದು ಅವನು ಆಕೆಗೆ ಲೋಕಜ್ಞಾನ ಹಂಚಿದ.

ಹಾಗಾಗಿ ಬುಧವಾರ ಬೆಳಿಗ್ಗೆ ಬಡವನಾಗುವ ಕೆಲಸ ಶುರುವಾಯಿತು. ಮಹಡಿಯಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಒಂಟಿಯಾಗಿ ವಾಸವಾಗಿದ್ದರು. ಸಾಮಾನನ್ನು ಅರ್ಧ ದಿನ ತಮ್ಮ ಮನೆಯಲ್ಲಿಡಲು ಅವರು ಸಂತೋಷದಿಂದ ಒಪ್ಪಿದರು. ಕುರ್ಚಿಗಳು ಹೋದವು. ಸ್ಪಂಜಿನ ಸುರುಳಿ, ಸ್ಪ್ರಿಂಗಿನ ಚೀಲ, ಹೊದಿಕೆಯ ಥಾನು ಹೋದವು. ಕಡೆಗೆ ಕೆಂಪು ಸೋಫಾದ ಸರದಿ. ಮೇಲಿನಿಂದ ಸ್ಪ್ರಿಂಗಣ್ಣ ಎಳೆದ, ಕೆಳಗಿನಿಂದ ಹೆಂಡತಿ ಗೊಣಗುತ್ತಲೇ ನೂಕಿದಳು. ಸೊಂಟ ನೋವಿನ ಡ್ರೈವರ್ ಮೇಲೆ ನಿಂತು, ಮೂವತ್ತು ವರ್ಷ ಬಸ್ಸನ್ನು ಹಿಂದಕ್ಕೆ ತೆಗೆದ ಅನುಭವವನ್ನೆಲ್ಲ ಧಾರೆಯೆರೆದರು. ಬರಲಿ, ಬರಲಿ, ಎಡಕ್ಕೆ ಕಟ್ ಮಾಡು, ಇನ್ನೂ ಜಾಗ ಇದೆ ಎನ್ನುತ್ತಿದ್ದಂತೆ ಮನೆಯೊಳಗಿನ ಮೆಟ್ಟಿಲಿನ ತಿರುವಿನಲ್ಲಿ ಸೋಫಾ ನಿಂತಿತು. ನಿಂತದ್ದೆಂದರೆ ಗೋಡೆಯ ಜೊತೆಗೇ ಕಟ್ಟಿದ ಹಾಗೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸ್ಪ್ರಿಂಗಣ್ಣ ಮೇಲೆ, ಹೆಂಡತಿ ಕೆಳಗೆ, ನಡುವೆ ದಂತವೈದ್ಯರ ಆಸ್ತಿ.

ಆಗಲೇ ಬಾಗಿಲು ತಟ್ಟಿದ ಸದ್ದಾಯಿತು. ಗಂಟೆ ಹನ್ನೊಂದಕ್ಕೆ ಐದು ನಿಮಿಷವಿತ್ತು.

ಬಂದವರು ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಒಂದು ಫೈಲು. ಬೋಳು ಕೋಣೆಯನ್ನು ಸುತ್ತ ನೋಡಿದರು. ಒಂದು ಚಾಪೆ, ಒಂದು ನೀರಿನ ಕೊಡ, ಅಷ್ಟೇ. ಇಲ್ಲಿ ಸೋಫಾ ಕೆಲಸ ನಡೆಯುತ್ತದೆಂದು ಬರೆದಿದ್ದೀರಿ, ಎಲ್ಲಿ ಎಂದು ಕೇಳಿದರು. ಈ ನೆರವು ದುಡಿಯುವವರಿಗೆ, ತನಿಖೆಗೆಂದು ಬಂದ ಮೇಲೆ ಕಸುಬು ನಡೆಯುತ್ತಿರುವುದನ್ನು ಕಣ್ಣಾರೆ ನೋಡಿಯೇ ಬರೆಯಬೇಕು ಎಂದೂ ವಿವರಿಸಿದರು. ಕೆಲಸದ ಸಾಮಾನು ತೋರಿಸಬೇಕೆಂದು ಪತ್ರದ ಎರಡನೇ ಸಾಲಿನಲ್ಲೇ ಇತ್ತಂತೆ.

ಮೆಟ್ಟಿಲ ಮೇಲಿದ್ದ ಸ್ಪ್ರಿಂಗಣ್ಣನಿಗೆ ಇದೆಲ್ಲ ಸೋಫಾದ ಸಂದಿಯಿಂದ ಸ್ಪಷ್ಟವಾಗಿ ಕೇಳಿಸಿತು. ಬಡತನ ತೋರಿಸಲು ಹೋಗಿ ಅವನು ತೊಡೆದುಹಾಕಿದ್ದು ಕಸುಬನ್ನೇ.

"ಖಾಲಿ ಕೋಣೆ ನೋಡಿ ನಾನೇನಂತ ಬರೀಲಿ ಹೇಳಮ್ಮ?" ಎಂದರು ಅಧಿಕಾರಿ. ದನಿಯಲ್ಲಿ ಬೇಸರವಿತ್ತು, ಗದರಿಕೆ ಇರಲಿಲ್ಲ.

"ಕಸುಬು ಮೆಟ್ಟಿಲಲ್ಲಿ ಸಿಕ್ಕಿಹಾಕ್ಕೊಂಡಿದೆ, ಬನ್ನಿ ಮೇಡಂ," ಎಂದಳು ಹೆಂಡತಿ.

ಮೇಡಂ ಬಂದರು, ಕತ್ತೆತ್ತಿ ನೋಡಿದರು. ಕೆಂಪು ಸೋಫಾದ ಮೇಲಂಚಿನಲ್ಲಿ ಬೆವರಿಳಿಯುತ್ತಿದ್ದ ಒಂದು ಮುಖ ಅವರಿಗೆ ನಮಸ್ಕಾರ ಹೇಳಿತು. ಹೆಂಡತಿ ಇನ್ನು ತಡಮಾಡಲಿಲ್ಲ.

"ರೀ, ಸೋಫಾದ ಕೈ ಬಿಚ್ಚಕ್ಕೆ ಬರುತ್ತಲ್ಲ. ಈ ಕೆಲಸ ಯಾರದ್ದು ಅಂತ ಮರ್ತೇಹೋಯ್ತಾ?"

ನಿಜವಾಗಿಯೂ ಮರೆತೇಹೋಗಿತ್ತು. ಹೆಂಡತಿ ಸಂದಿಯಿಂದ ಇಕ್ಕಳ, ಸ್ಪ್ಯಾನರ್ ತೂರಿಸಿದಳು. ಅವು ಕೈಗೆ ಬಂದಿದ್ದೇ ತಡ, ಸ್ಪ್ರಿಂಗಣ್ಣ ಮತ್ತೆ ಸ್ಪ್ರಿಂಗಣ್ಣನಾದ. ಸೋಫಾದ ಅಡಿಗೆ ಹೊಡೆದಿದ್ದ ಕಪ್ಪು ಬಟ್ಟೆಯ ಮೊಳೆಗಳನ್ನು ಒಂದೂ ಬಾಗದಂತೆ ಕಿತ್ತ, ಒಳಗೆ ಕೈಹಾಕಿ ಕಣ್ಣಿಗೆ ಕಾಣದ ನಾಲ್ಕು ಬೋಲ್ಟುಗಳನ್ನು ಬೆರಳಲ್ಲೇ ಹುಡುಕಿ ಸಡಿಲಿಸಿದ, ಸೋಫಾದ ಬಲಗೈಯನ್ನು ಮಗುವನ್ನೆತ್ತಿದಂತೆ ಎತ್ತಿ ಪಕ್ಕಕ್ಕಿಟ್ಟ. ಹೊದಿಕೆಯ ಒಂದು ಹೊಲಿಗೆಯೂ ಬಿಚ್ಚಲಿಲ್ಲ. ಆರು ನಿಮಿಷದಲ್ಲಿ ಸೋಫಾ ಮೃದುವಾಗಿ ಕೆಳಗಿಳಿದು ಕೋಣೆ ಸೇರಿತು. ಮೇಲಿಂದ ಡ್ರೈವರ್ ಒಂದು ಶಿಳ್ಳೆ ಹಾಕಿದರು. ಮೇಡಂ ಅದೇ ಸೋಫಾದ ಮೇಲೆ ಕೂತು, ಕಸುಬು ಕಣ್ಣಾರೆ ಕಂಡಿದ್ದೇನೆ ಎಂದು ಬರೆದುಕೊಂಡರು. ಹಿತವಾಗಿತ್ತೇನೋ, ಬರೆದು ಮುಗಿದ ಮೇಲೂ ಏಳಲಿಲ್ಲ.

ಇಷ್ಟಾದ ಮೇಲೆ ಸ್ಪ್ರಿಂಗಣ್ಣನಿಗೆ ಧೈರ್ಯ ಬಂತು. ಇಷ್ಟು ಜನ ಅರ್ಜಿ ಹಾಕಿರುವಾಗ ತನ್ನ ಮನೆಯನ್ನೇ ಯಾಕೆ ಹುಡುಕಿಕೊಂಡು ಬಂದಿರಿ ಎಂದು ವಿನಯದಿಂದಲೇ ಕೇಳಿದ. ಮೇಡಂ ಫೈಲಿನಿಂದ ಅವನ ಅರ್ಜಿ ತೆಗೆದು ತೋರಿಸಿದರು.

"ವರ್ಷದ ಆದಾಯ ಒಂಬೈನೂರ ಎಂಬತ್ತನಾಲ್ಕು ಕೋಟಿ ಚಿಲ್ಲರೆ ಅಂತ ಬರ್ದಿದ್ದೀರಿ. ಫೋನ್ ಮಾಡಿ ಕೇಳೋಣ ಅಂದ್ರೆ, ಫೋನ್ ನಂಬರಿನ ಜಾಗದಲ್ಲಿ ಆರೇ ಅಂಕಿ."

ಹೆಂಡತಿ ಕಾಗದವನ್ನು ದೂರದಿಂದಲೇ ನೋಡಿ, ಆ ಕೋಟಿ ತಮ್ಮ ಮನೆಯ ಫೋನ್ ನಂಬರೆಂದೂ, ಆ ಆರಂಕಿಯಲ್ಲೇ ತಾವು ವರ್ಷವಿಡೀ ಬದುಕುವುದೆಂದೂ ತಿಳಿಸಿದಳು. ಕಚೇರಿಯಲ್ಲಿ ಆ ಅರ್ಜಿ ಎರಡು ದಿನ ಮೇಜಿಂದ ಮೇಜಿಗೆ ಓಡಾಡಿತಂತೆ. ಇಂಥ ಕುಬೇರನನ್ನು ಒಮ್ಮೆ ನೋಡಿಯೇ ಬರಬೇಕೆಂದು ಮೇಡಂ ಹಟ ಹಿಡಿದು ಬಂದಿದ್ದರಂತೆ. ಸ್ಪ್ರಿಂಗಣ್ಣ ತನ್ನ ಪಾದಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಮೊದಲು ನಕ್ಕವಳು ಹೆಂಡತಿ, ಆಮೇಲೆ ಮೇಡಂ, ಕೊನೆಗೆ ಬೇರೆ ದಾರಿ ಕಾಣದೆ ಅವನೂ ನಕ್ಕ.

ಹೊರಡುವಾಗ ಮೇಡಂ ಕಣ್ಣು ಒಳಕೋಣೆಯ ಹೊಲಿಗೆ ಯಂತ್ರದ ಮೇಲೆ ಬಿತ್ತು. ಹೊದಿಕೆಯನ್ನೆಲ್ಲ ಹೊಲಿಯುವವಳು ಹೆಂಡತಿಯೇ ಎಂದು ತಿಳಿದಾಗ, ಹಾಗಿದ್ದರೆ ಆಕೆಯೂ ಸ್ವಂತ ಕಸುಬಿನವಳೇ, ಬೇರೆಯದೇ ಅರ್ಜಿ ಹಾಕಬಹುದು ಎಂದರು. ಇದು ಸ್ಪ್ರಿಂಗಣ್ಣನಿಗೆ ಹೊಳೆದೇ ಇರಲಿಲ್ಲ. ಹೆಂಡತಿ ಮೇಡಂಗೆ ಚಹಾ ಕೊಟ್ಟು, ಅವರ ಫೈಲಿನಲ್ಲಿದ್ದ ಹೊಸ ಅರ್ಜಿಯ ನಾಲ್ಕು ಪುಟವನ್ನು ಅಲ್ಲೇ ಕೂತು ಚಹಾ ಆರುವುದರೊಳಗೆ ತುಂಬಿ ಕೊಟ್ಟಳು.

ಮುಂದಿನ ತಿಂಗಳು ಎರಡು ಮಂಜೂರಾತಿ ಬಂದವು. ಇಬ್ಬರಿಗೂ ತೆರಿಗೆ ರಿಯಾಯಿತಿ, ಇಬ್ಬರಿಗೂ ನೆರವು. ಮಗಳ ಫೀಸಿನ ಚಿಂತೆ ಆ ವರ್ಷಕ್ಕೆ ತೀರಿತು. ಸ್ಪ್ರಿಂಗಣ್ಣ ಖುಷಿಯಿಂದ, ಈ ಸಲ ಕನ್ನಡಕ ಹಾಕಿಕೊಂಡೇ, ಎರಡನ್ನೂ ಓದಿದ. ಹೆಂಡತಿಗೆ ತನಗಿಂತ ತುಸು ಹೆಚ್ಚೇ ಸಿಕ್ಕಿತ್ತು. ಕಾರಣ ಹುಡುಕಲು ಜೊತೆಗಿದ್ದ ಆಕೆಯ ಅರ್ಜಿಯ ನಕಲು ತಿರುವಿದ. ಮೂರನೇ ಪುಟದಲ್ಲಿ, ಕಸುಬಿನಲ್ಲಿ ಸಹಾಯಕರು ಯಾರಾದರೂ ಇದ್ದಾರೆಯೇ, ಅವರ ಕೆಲಸವೇನು ಎಂಬ ಪ್ರಶ್ನೆಯ ಮುಂದೆ ಆಕೆ ದುಂಡು ಅಕ್ಷರದಲ್ಲಿ ಬರೆದಿದ್ದಳು:

"ಗಂಡ ಒಬ್ಬರಿದ್ದಾರೆ. ಭಾರ ಎತ್ತುತ್ತಾರೆ. ಬರೆಯುವ ಕೆಲಸ ಕೊಡುವುದಿಲ್ಲ."