ಜಂಪಣ್ಣನ ಕೊರಳ ಗಂಟೆ

ಒಂದಾನೊಂದು ಕಾಲದಲ್ಲಿ, ಅಂದರೆ ತಳಕು ಎಂಬ ಊರಿನಲ್ಲಿ ಎಸ್‌ಟಿಡಿ ಬೂತು ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಅಲ್ಲೇ ಹತ್ತಿರದ ಹಟ್ಟಿಯೊಂದರಲ್ಲಿ ಊರಿಗೆ ನೀರು ಬಿಡುವ ಜಂಪಣ್ಣ ಎಂಬ ನೀರಗಂಟಿಯಿದ್ದ. ಊರಾಚೆ ಗುಡ್ಡದ ಮೇಲಿದ್ದ ನೀರಿನ ಟ್ಯಾಂಕನ್ನು ತೊಳೆಯುತ್ತೇನೆಂದು ಯುಗಾದಿಗೆ ಮಾತು ಕೊಟ್ಟಿದ್ದ. ದಸರೆ ಕಳೆದರೂ ಟ್ಯಾಂಕಿನೊಳಗೆ ಪಾಚಿ ದಪ್ಪಗಾಯಿತೇ ಹೊರತು ಜಂಪಣ್ಣ ಇಳಿಯಲಿಲ್ಲ.

ಕೇಳಿದವರಿಗೆಲ್ಲ ಒಂದೇ ಉತ್ತರ. "ಒಬ್ನೇ ಹೆಂಗೆ ಇಳೀಲಿ? ಜಾರಿ ಬಿದ್ರೆ ಕೇಳೋರು ಯಾರು? ಹಾವು ಐತೆ, ಕಣಜ ಐತೆ."

ಒಂದು ದಿನ ಬೆಳಿಗ್ಗೆ ಪಂಚಾಯ್ತಿ ಅಧ್ಯಕ್ಷ ಜಯದೇವಪ್ಪನ ಲೋಟದಲ್ಲಿ ಗೊದಮೊಟ್ಟೆಯೊಂದು ಈಜುತ್ತಿತ್ತು. ಅಲ್ಲಿಗೆ ಮಾತು ಮುಗಿಯಿತು; ಅವನು ನೇರ ಜಂಪಣ್ಣನ ಮನೆಗೆ ಬಂದ.

"ಸಂಜೆ ಕರೆಂಟು ಬರೋದ್ರೊಳಗೆ ತೊಳೆದಿರಬೇಕು. ಇಲ್ಲಾಂದ್ರೆ ನಾಳೆಯಿಂದ ಬೇರೆ ನೀರಗಂಟಿ."

"ಒಬ್ನೇ ಇದ್ದಾಗ ಜೀವಕ್ಕೇನಾದ್ರೂ..."

"ಅದಕ್ಕೂ ದಾರಿ ಐತೆ," ಎಂದಳು ಹೆಂಡತಿ ಪಾಲಮ್ಮ. ತವರಿನಿಂದ ತಂದಿದ್ದ ಟಗರಿನ ಗಂಟೆಯನ್ನು ಅವನ ಕೊರಳಿಗೆ ಕಟ್ಟಿದಳು. "ಇದು ಅಲ್ಲಾಡ್ತಿದ್ರೆ ಚೆನ್ನಾಗಿದ್ದೀರಿ ಅಂತ. ನಿಂತ್ರೆ ಓಡಿ ಬರ್ತೀವಿ."

ಆ ದನಿಯಲ್ಲಿ ಹೆಂಡತಿಗಿಂತ ಪೊಲೀಸೇ ಹೆಚ್ಚಾಗಿದ್ದಂತೆ ಜಂಪಣ್ಣನಿಗೆ ಅನ್ನಿಸಿತು.

ಗುಡ್ಡದ ಬುಡದ ಚಾ ಅಂಗಡಿಯ ಬೊಮ್ಮಲಿಂಗಪ್ಪನಿಗೆ ಆ ಗಂಟೆಗೆ ಕಿವಿಗೊಡುವ ಕೆಲಸ. ಜಂಪಣ್ಣ ಟ್ಯಾಂಕಿನ ನೀರು ಖಾಲಿ ಮಾಡಿ ಒಂದು ಬೀಡಿ ಹಚ್ಚಿ ಕೂತನಷ್ಟೆ, ಹಗ್ಗ, ಮಂಚ, ಒಂದು ಬಿಳಿ ಪಂಚೆ ಹೊತ್ತು ಅರ್ಧ ಊರೇ ಗುಡ್ಡ ಹತ್ತಿ ಬಂತು.

"ಬದುಕಿದ್ದೀಯೇನಲೇ?" ಬೊಮ್ಮಲಿಂಗಪ್ಪ ಮಂಚ ಇಳಿಸಿದ. "ಮತ್ತೆ ಗಂಟೆ ಯಾಕೆ ನಿಂತಿತ್ತು?"

"ಬೀಡಿ ಸೇದ್ತಿದ್ದೆ."

"ಸೇದುವಾಗ ಕತ್ತು ಅಲ್ಲಾಡಿಸಬಾರದಾ?" ಎಂದವನು ಅನುಮಾನದಿಂದ ಸುತ್ತಲಿನ ನೆಲ ನೋಡಿದ. "ನಿಧಿ ಗಿಧಿ ಅಗೀತಿಲ್ಲ ತಾನೆ?"

ಅವರು ಇಳಿದುಹೋದರು. ಜಂಪಣ್ಣನೂ ಬಿದಿರೇಣಿ ಇಟ್ಟು ಟ್ಯಾಂಕಿಗೆ ಇಳಿದ. ಒಳಗೆ ಹೊಸ ಮಡಕೆಯ ಹಾಗೆ ತಂಪು. ಒಂದು ಗಳಿಗೆ ಕಣ್ಣು ಮುಚ್ಚೋಣವೆಂದರೆ ಗಂಟೆ ಬಿಡದು. ಆಗ ಹೊರಗೆ ಬೊಮ್ಮಲಿಂಗಪ್ಪನ ಆಡು ಜಾಲಿಕಾಯಿ ಮೇಯುತ್ತಿದ್ದುದು ನೆನಪಾಯಿತು. ಹತ್ತಿಬಂದು ಗಂಟೆಯನ್ನು ಅದರ ಕೊರಳಿಗೆ ಕಟ್ಟಿ, ಆಡನ್ನು ಗಿಡಕ್ಕೆ ಬಿಗಿದ. ಅದು ತಲೆಯಾಡಿಸುತ್ತ ಸರ್ಕಾರಿ ನೌಕರನಿಗಿಂತ ನಿಯತ್ತಾಗಿ ಗಂಟೆ ಬಾರಿಸತೊಡಗಿತು. ಜಂಪಣ್ಣ ಇಳಿದು ಮಲಗಿದ.

ಎಚ್ಚರವಾದಾಗ ಏಣಿ ಇರಲಿಲ್ಲ.

ಗೋಡೆ ತಡವಿದ, ಕೂಗಿದ. ಗಂಟೆ ದೂರದಲ್ಲಿ, ಗುಡ್ಡ ಇಳಿಯುತ್ತ, ರಸ್ತೆ ಕಡೆ ಹೋಗುತ್ತಿತ್ತು. ಗಂಟೆ ಮೊಳಗುವಷ್ಟು ಹೊತ್ತು ತಾನು ಕ್ಷೇಮ ಎಂದು ಊರು ನಂಬಿರುತ್ತದಲ್ಲ ಎಂದು ನೆನೆದು ಇನ್ನೂ ಜೋರಾಗಿ ಕೂಗಿದ. ಏಣಿ ಎತ್ತಿದವರು ಯಾರು? ಬೊಮ್ಮಲಿಂಗಪ್ಪನೇ? ಅಥವಾ ಅಜ್ಜಿ ಹೇಳುತ್ತಿದ್ದ ಕತೆಯ, ಬಾವಿಗೆ ಇಳಿದವರ ಹಗ್ಗ ಕದಿಯುವ ಬ್ರಹ್ಮರಾಕ್ಷಸನೇ?

ಬಿಸಿಲು ಇಳಿಮುಖವಾದಾಗ ಮೇಲೆ ಗಲಾಟೆ ಕೇಳಿಸಿತು.

"ಗಂಟೆ ರಸ್ತೆ ಕಡೆ ಹೋಗೋದು ಕೇಳಿ, ಜಂಪಣ್ಣ ಊರು ಬಿಟ್ಟು ಓಡ್ತವ್ನೆ ಅಂತ ಬೆನ್ನತ್ತಿದೆ," ಬೊಮ್ಮಲಿಂಗಪ್ಪನ ದನಿ. "ಹಿಡಿದ್ರೆ ನನ್ನ ಆಡೇ."

"ಗಡ್ಡ ಮಾತ್ರ ಜಂಪಣ್ಣನ ತರಾನೇ ಐತೆ," ಎಂದ ಜಯದೇವಪ್ಪ, ಸಂಶಯದಿಂದ.

"ನಾನು ಇಲ್ಲಿದ್ದೀನಿ," ಜಂಪಣ್ಣ ಕೂಗಿದ. ಖಾಲಿ ಟ್ಯಾಂಕು ಅದನ್ನು ಗುಡುಗಾಗಿ ತಿರುಗಿಸಿತು. ಮೇಲೆ ಎಲ್ಲರೂ ಹಿಂದೆ ಸರಿದ ಸದ್ದು.

"ದೆವ್ವಾನೂ ಹಂಗೇ ಅಂತೈತೆ," ಬೊಮ್ಮಲಿಂಗಪ್ಪ ಪಿಸುಗುಟ್ಟಿದ.

ಪಾಲಮ್ಮನ ಮುಖ ಟ್ಯಾಂಕಿನ ಬಾಯಲ್ಲಿ ಕಾಣಿಸಿತು. "ತಡೀರಿ, ಗುರುತು ಕೇಳ್ತೀನಿ. ನನ್ನ ಧಾರೆ ಸೀರೆ ಮೊಳಕಾಲ್ಮೂರಿಂದು. ಯಾವ ಬಣ್ಣ?"

"ಯಾವ ಸೀರೆ?" ಎಂದ ಜಂಪಣ್ಣ.

"ನಮ್ಮೋರೇ," ಎಂದಳು ಪಾಲಮ್ಮ. "ದೆವ್ವ ಆಗಿದ್ರೆ ನೆನಪಿಟ್ಕೊಂಡಿರ್ತಿತ್ತು."

"ಹಂಗಾದ್ರೆ ಏಣಿ ಹುಡುಕ್ರಿ," ಎಂದ ಜಯದೇವಪ್ಪ.

"ಹುಡುಕೋದೇನು," ಎಂದಳು ಪಾಲಮ್ಮ. "ಅಲ್ಲೇ ಟ್ಯಾಂಕಿನ ಹಿಂದೆ ಐತೆ. ನಾನೇ ಎತ್ತಿಟ್ಟಿದ್ದು. ಬುತ್ತಿ ತಂದಾಗ ಆಡು ಗಂಟೆ ಬಾರಿಸ್ತಿತ್ತು, ನೀರಗಂಟಿ ಗೊರಕೆ ಹೊಡೀತಿದ್ರು. ಆಡು ಬಿಚ್ಚಿದೆ, ಏಣಿ ಎಳ್ಕೊಂಡೆ. ಹೆಂಗೂ ನಾನು ಇಲ್ಲೇ ಬಂಡೆ ಮರೇಲಿ ಕೂತಿದ್ದೆ."

ಜಂಪಣ್ಣ ಕೆಳಗಿನಿಂದ ಕತ್ತೆತ್ತಿದ. "ನಾನೇ ಅಂತ ಗೊತ್ತಿದ್ರೆ ಗುರುತು ಯಾಕೆ ಕೇಳ್ದೆ?"

"ಭಾಳ ದಿನದಿಂದ ಕೇಳ್ಬೇಕು ಅಂತಿದ್ದೆ. ನೀವು ಎದ್ದುಹೋಗದಂಥ ಜಾಗ ಇವತ್ತೇ ಸಿಕ್ಕಿದ್ದು." ಮೇಲಿನಿಂದ ತೆಂಗಿನ ನಾರಿನ ಬ್ರಷ್ಷು ಬಂದು ಅವನ ಕಾಲ ಬಳಿ ಬಿತ್ತು. "ಒಬ್ನೇ ಮಾಡಬಾರದು ಅಂತಿದ್ರಲ್ಲ, ಈಗ ಊರೇ ಮೇಲೈತೆ. ಉಜ್ರಿ."

ಟ್ಯಾಂಕಿನ ಬಾಯಿಯ ಸುತ್ತ ತಲೆಗಳು ಸೇರಿದವು. "ಆ ಮೂಲೆ ಬಿಟ್ಟೆ," "ತಳಾನ ಇನ್ನೊಂದ್ಸಲ ಉಜ್ಜು," ಎಂದು ಒಬ್ಬೊಬ್ಬರದೂ ಒಂದೊಂದು ಅನುಮಾನ. ಸೂರ್ಯ ಜಾಲಿಗಿಡದ ಹಿಂದೆ ಸರಿಯುವಾಗ ಸಿಮೆಂಟು ತನ್ನ ಬಣ್ಣ ತೋರಿಸಿತು. ಏಣಿ ಇಳಿಯಿತು. ಜಂಪಣ್ಣ ಹತ್ತಿ ಬರುತ್ತಿದ್ದಂತೆ ಪಾಲಮ್ಮ ಆಡಿನ ಕೊರಳ ಗಂಟೆ ಬಿಚ್ಚಿ ಮತ್ತೆ ಅವನಿಗೇ ಕಟ್ಟಿದಳು.

"ಕೆಲಸ ಮುಗೀತಲ್ಲ," ಎಂದ ಅವನು.

"ಸೀರೆ ಬಣ್ಣ ನೆನಪಾಗೋ ತನಕ ಇರ್ಲಿ."

ಕರೆಂಟು ಬಂತು. ಯುಗಾದಿಗೆ ಮಾತು ಕೊಟ್ಟಿದ್ದ ಟ್ಯಾಂಕಿಗೆ ನೀರು ಧುಮ್ಮೆಂದು ಬಿದ್ದಿತು. ಜಂಪಣ್ಣ ಒಂದೊಂದೇ ಬಣ್ಣ ಹೇಳುತ್ತ ಗುಡ್ಡ ಇಳಿದ. ಗಂಟೆ ಊರು ಮುಟ್ಟುವ ತನಕ ನಿಲ್ಲಲಿಲ್ಲ.